ನೂರಕ್ಕೆ ಎಪ್ಪತ್ತೆರಡು

ಈ ಗುರುವಿಗೆ ಗಡ್ಡ ಇರಲಿಲ್ಲ, ಆಶ್ರಮವೂ ಇರಲಿಲ್ಲ. ಇದ್ದದ್ದು ಹೊಳೆದಂಡೆಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯ, ಅಲ್ಲೊಂದು ಮೇಜು, ಮೇಜಿನ ಮೇಲೆ ಮೈದಾ ಅಂಟಿನ ಬಟ್ಟಲು.

ಹೆಸರು ಲಾಲಸಾಬ ನದಾಫ. ಬೆನ್ನು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತ ಮೂವತ್ತು ವರ್ಷ ಕಳೆದ ಗ್ರಂಥಪಾಲಕರು. ಹುಳ ಹತ್ತದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು.

ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಹೀಗಾಗಿ ವಿದ್ಯಾರ್ಥಿಗಳು ಕಂಪ್ಯೂಟರನ್ನೇ ಕೇಳುತ್ತಿದ್ದರು. ಅದು ಕೇಳಿದ್ದಕ್ಕೂ ಉತ್ತರ ಕೊಡುತ್ತಿತ್ತು, ಕೇಳದಿದ್ದಕ್ಕೂ ಕೊಡುತ್ತಿತ್ತು.

ಒಂದು ಬುಧವಾರ ದಾಕ್ಷಾಯಿಣಿ ಅವರ ಮೇಜಿನ ಮುಂದೆ ಬಂದು ನಿಂತಳು. ಎಂಬಿಎ ಕೊನೆಯ ವರ್ಷದ ಹುಡುಗಿ. ಬೇರೆ ದಾರಿ ಇದ್ದಿದ್ದರೆ ಬರುತ್ತಿರಲಿಲ್ಲ.

“ಸರ್, ಒಂದು ಮಾರ್ಕೆಟ್ ರಿಪೋರ್ಟ್ ಬೇಕಾಗಿತ್ರಿ. ದೊಡ್ಡ ಕಂಪನಿಯವರು ಮಾಡಿದ್ದು. ಡೇಟಾಬೇಸಿನ ಪಾಸ್‌ವರ್ಡ್ ನಿಮ್ಮ ಹತ್ರ ಐತಿ ಅಂದ್ರು.”

“ಯಾಕ ಬೇಕು?”

“ನಾ ಬರದದ್ದಕ್ಕ ಒಂದು ಆಧಾರ ಬೇಕ್ರಿ.”

“ಬೀಳಾಕತ್ತೈತೇನು, ಆಧಾರ ಕೊಡಾಕ?”

ದಾಕ್ಷಾಯಿಣಿಗೆ ನಗು ಬರಲಿಲ್ಲ. ನಗುವ ಹೊತ್ತೂ ಅದಾಗಿರಲಿಲ್ಲ.

ಅವಳ ಊರು ಹೊಳೆಯ ಆಚೆ. ತಾಯಿ ಸಂಗವ್ವ ಅಲ್ಲಿಯ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಸಂಗವ್ವ ಮತ್ತು ಅವಳ ಜೊತೆ ಅಲ್ಲೇ ದುಡಿಯುವ ಹತ್ತು ಜನ ಗೆಳತಿಯರು ಕೌದಿ ಹೊಲಿಯುವುದರಲ್ಲಿ ಕೈಪಳಗಿದವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಹೊಲಿಗೆ ಹಾಕಿ, ಬಾಣಂತಿಯರಿಗೆ, ಬೀಗರಿಗೆ ಕೊಡುತ್ತಿದ್ದರು. ಮಾರಿದವರಲ್ಲ.

ದಾಕ್ಷಾಯಿಣಿ ತನ್ನ ಪ್ರಾಜೆಕ್ಟಿಗೆ ಅದನ್ನೇ ವಿಷಯ ಮಾಡಿಕೊಂಡಿದ್ದಳು. ನಗರದಲ್ಲಿ ನೂರಕ್ಕೆ ಎಪ್ಪತ್ನಾಲ್ಕು ಮನೆಯವರು ಕೌದಿ ಕೊಳ್ಳಲು ತಯಾರಿದ್ದಾರೆ ಎಂದು ಬರೆದಿದ್ದಳು. ಅಂಕಕ್ಕೆಂದು ಬರೆದ ಮಾತು ಒಮ್ಮೆ ಊರಿಗೆ ಹೋದಾಗ ಊಟದ ಹೊತ್ತಿಗೆ ಬಾಯಿಂದ ಹೊರಬಿತ್ತು. ಸಂಗವ್ವ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು. ಮರುದಿನ ಹನ್ನೊಂದು ಜನಕ್ಕೂ ಗೊತ್ತಾಯಿತು. ಗಿರಣಿ ಬಿಟ್ಟು ಕೌದಿಯನ್ನೇ ಹೊಲಿಯೋಣ ಎಂದು ಹನ್ನೊಂದು ಜನವೂ ತೀರ್ಮಾನ ಮಾಡಿಬಿಟ್ಟರು.

“ಬರೂ ಸೋಮವಾರ ಅಲ್ರಿ, ಅದರ ಮುಂದಿನ ಸೋಮವಾರ ರಾಜೀನಾಮೆ ಕೊಡ್ತಾರ. ಹನ್ನೊಂದು ಮಂದಿದೂ ನಾನ ಬರದ ಕೊಟ್ಟೀನಿ. ಒಮ್ಮೆ ಬಿಟ್ರ ಗಿರಣಿಯವರು ಮತ್ತ ತಗೊಳ್ಳೂದಿಲ್ರಿ. ಗೇಟಿನ ಮುಂದ ಕೆಲಸಕ್ಕ ಕಾದು ನಿಂತೋರು ಭಾಳ ಮಂದಿ ಅದಾರ.”

“ನಿನಗೇನು ಹೆದರಿಕಿ? ಎಪ್ಪತ್ನಾಕು ಬಂದಾವಲ್ಲ.”

“ಹೆದರಿಕಿ ಅಲ್ರಿ. ದೊಡ್ಡವರ ರಿಪೋರ್ಟ್ ಒಂದು ಇದ್ರ ಛಲೋ ಅಂತ. ಈ ಪತ್ರಿಕ್ಯಾಗೂ ಹಂಗ ಐತ್ರಿ, ನೋಡ್ರಿ.”

ಅವಳು ವ್ಯಾಪಾರದ ಪತ್ರಿಕೆಯೊಂದನ್ನು ತೆರೆದು ತೋರಿಸಿದಳು. ಕೈಹೊಲಿಗೆಯ ಹೊದಿಕೆಗಳನ್ನು ನಗರದ ನೂರಕ್ಕೆ ಎಪ್ಪತ್ತೆರಡು ಮನೆಯವರು ಬಯಸುತ್ತಾರೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ಅವರದು ಎಪ್ಪತ್ತೆರಡು, ನಂದು ಎಪ್ಪತ್ನಾಕು. ಎರಡೂ ಹೊಂದತಾವ್ರಿ.”

“ಹೊಂದತಾವ,” ಎಂದರು ನದಾಫ ಸರ್. “ಇವರಿಗೆ ಯಾರು ಹೇಳಿದ್ರು?”

“ಅಂದ್ರ?”

“ಎಪ್ಪತ್ತೆರಡು ಅಂತ ಪತ್ರಿಕೆಯವರಿಗೆ ಯಾರು ಹೇಳಿದ್ರು?”

ಅದು ಅವಳಿಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಹೊಳೆದಿರಲಿಲ್ಲ. ಅಚ್ಚಾದ ಮಾತಿಗೆ ಅಪ್ಪ ಅಮ್ಮ ಇರುತ್ತಾರೆಂದು ಯಾರು ಯೋಚಿಸುತ್ತಾರೆ?

ಅವರು ಪಾಸ್‌ವರ್ಡನ್ನು ಚೀಟಿಯ ಮೇಲೆ ಬರೆದುಕೊಟ್ಟರು.

“ನೋಡ್ಕೊಂಡು ಬಾ.”

ಸಂಜೆಗೆ ಅವಳು ನಗುನಗುತ್ತ ಬಂದಳು.

“ಸಿಕ್ತ್ರಿ ಸರ್! ಪತ್ರಿಕೆಯವರಿಗೆ ಹೇಳಿದ್ದು ಮಾರ್ಕೆಟ್ ರಿಪೋರ್ಟಿನವರು. ನೂರಾ ನಲವತ್ತು ಪುಟದ ರಿಪೋರ್ಟ್. ನನಗ ಬೇಕಾಗಿದ್ದೂ ಇಂಥದ್ದ.”

“ಅವರಿಗೆ ಯಾರು ಹೇಳಿದ್ರು?”

ಅವಳ ನಗು ಅರ್ಧಕ್ಕೆ ನಿಂತಿತು. ರಿಪೋರ್ಟಿನ ಕೊನೆಯ ಪುಟಗಳನ್ನು ತಿರುವಿದಳು. ಅಲ್ಲಿ ಸಣ್ಣಕ್ಷರದಲ್ಲಿ ಒಂದು ವಾಣಿಜ್ಯ ನಿಯತಕಾಲಿಕದ ಹೆಸರಿತ್ತು, ಹನ್ನೆರಡು ವರ್ಷ ಹಿಂದಿನ ಸಂಚಿಕೆ.

ಗುರುವಾರ ಅವಳು ಮೇಲಿನ ಮಹಡಿಯಲ್ಲಿ ಹಳೆಯ ಸಂಚಿಕೆಗಳ ಕಟ್ಟುಗಳನ್ನು ಹುಡುಕಿದಳು. ಧೂಳಿಗೆ ಸೀನು ಹತ್ತಿ ಕಣ್ಣು ಕೆಂಪಾದವು. ಲೇಖನ ಸಿಕ್ಕಿತು, ಎಪ್ಪತ್ತೆರಡೂ ಸಿಕ್ಕಿತು.

“ಇವರೂ ಎಪ್ಪತ್ತೆರಡ ಅಂತಾರ್ರಿ ಸರ್.”

“ಅವರಿಗೆ ಯಾರು ಹೇಳಿದ್ರು?”

ಅವರಿಗೆ ಹೇಳಿದ್ದು ಒಂದು ಪಿಎಚ್‌ಡಿ ಪ್ರಬಂಧ. ಪ್ರಬಂಧಗಳ ಕೋಣೆ ತೆಗೆಸಿ ಅವಳು ಅದನ್ನೂ ಓದಿದಳು. ನಾನೂರು ಪುಟದ ಆ ಪ್ರಬಂಧದಲ್ಲಿ ಕೈಹೊಲಿಗೆಯ ಹೊದಿಕೆಯ ವಿಷಯ ಬರುವುದು ಒಂದೇ ಸಾಲಿನಲ್ಲಿ. ಆ ಸಾಲಿನ ತಲೆಯ ಮೇಲೆ ಒಂದು ಪುಟ್ಟ ಅಂಕಿ, ಪುಟದ ಕೆಳಗೆ ಅದರ ಟಿಪ್ಪಣಿ.

ಟಿಪ್ಪಣಿಯನ್ನು ಅವಳು ಎರಡು ಸಲ ಓದಿದಳು. ಆಮೇಲೆ ಎದ್ದು ಹೋಗಿ ಮೇಜಿನ ಮುಂದೆ ನಿಂತಳು.

“ಸರ್, ಇದು ನಮ್ಮ ಯೂನಿವರ್ಸಿಟಿದ ಒಂದು ಪ್ರಾಜೆಕ್ಟ್ರಿ. ಇಪ್ಪತ್ತಾರು ವರ್ಷದ ಹಿಂದಿಂದು. ನಮ್ಮ ವಿಭಾಗದ್ದ.”

ನದಾಫ ಸರ್ ಮೇಜಿನ ಖಾನೆಯಿಂದ ನೆಲಮಾಳಿಗೆಯ ಬೀಗದ ಕೈ ತೆಗೆದು ಅವಳ ಮುಂದಿಟ್ಟರು. ಮತ್ತೆ ಅಂಟು ಹಚ್ಚತೊಡಗಿದರು.

ನೆಲಮಾಳಿಗೆಯಲ್ಲಿ ಹಳೆಯ ಪ್ರಾಜೆಕ್ಟುಗಳು ವರ್ಷದ ಪ್ರಕಾರ ಕೂತಿದ್ದವು. ಜನರಿಂದ ತುಂಬಿಸಿ ತಂದ ಸಮೀಕ್ಷೆಯ ಫಾರ್ಮುಗಳನ್ನೂ ಕಟ್ಟಿ ಜೊತೆಗಿಡಬೇಕೆಂಬುದು ಆ ಕಾಲದ ವಿಭಾಗದವರ ನಿಯಮ. ಅವಳು ಹುಡುಕಿದ ಪ್ರಾಜೆಕ್ಟಿನ ಪಕ್ಕದಲ್ಲೂ ಒಂದು ಕಟ್ಟು ಇತ್ತು. ಕೆಂಪು ಲಾಡಿಯ ಗಂಟು ಬಿಗಿದು ಕೂತಿತ್ತು, ಕಟ್ಟಿದ ದಿನದಿಂದ ಅದನ್ನು ಯಾರೂ ಬಿಚ್ಚಿದಂತಿರಲಿಲ್ಲ. ಉಗುರಿನಿಂದ ಬಿಚ್ಚಲು ಕಾಲು ಗಂಟೆ ಹಿಡಿಯಿತು.

ಒಳಗೆ ನೂರು ಫಾರ್ಮು. ಎಪ್ಪತ್ತೆರಡರಲ್ಲಿ ‘ಹೌದು’, ಇಪ್ಪತ್ತೆಂಟರಲ್ಲಿ ‘ಇಲ್ಲ’.

ಲೆಕ್ಕ ಸರಿಯಾಗಿಯೇ ಇತ್ತು. ಅವಳು ಸಮಾಧಾನದಿಂದ ಉಸಿರುಬಿಟ್ಟು, ಕಟ್ಟುವ ಮುಂಚೆ ಫಾರ್ಮುಗಳನ್ನು ಇನ್ನೊಮ್ಮೆ ತಿರುವಿದಳು. ಆಗ ಕೈ ನಿಧಾನವಾಯಿತು.

ಮೂರನೆಯ ಸಲ ಒಂದೊಂದಾಗಿ ನೋಡಿದಳು. ಆಮೇಲೆ ಕಟ್ಟನ್ನು ಎದೆಗವಚಿಕೊಂಡು ಮೇಲೆ ಬಂದಳು.

“ಸರ್, ಇವರು ಯಾರ ಮನಿಗೂ ಹೋಗಿಲ್ರಿ.”

“ಅಲ್ಲೆ ಹಂಗಂತ ಬರದೈತೇನು?”

“ಇಲ್ರಿ. ನೋಡ್ರಿ, ನೂರು ಹಾಳ್ಯಾಗ ಒಂದೂ ಮಡಚಿಲ್ಲ. ವಯಸ್ಸು ಎಲ್ಲಾರದೂ ಮೂವತ್ತು, ಮೂವತ್ತೈದು, ನಲವತ್ತು. ಮೂವತ್ಮೂರು ವರ್ಷದವರು ಈ ಊರಾಗ ಯಾರೂ ಇಲ್ಲೇನ್ರಿ? ನೀಲಿ ಶಾಯಿ, ಕರಿ ಶಾಯಿ, ಹಸಿರು ಶಾಯಿ ಪಾಳಿ ಹಚ್ಚಿ ಬರ್ತಾವ. ನೂರು ಮನ್ಯಾಗ ಒಂದು ಮನಿಗೂ ಕೀಲಿ ಹಾಕಿಲ್ಲ. ಮತ್ತ ಇಲ್ಲಿ…”

ಒಂದು ಹಾಳೆಯ ಮೂಲೆ ತೋರಿಸಿದಳು. ಎಣ್ಣೆಯ ಕಲೆ.

“ಮಿರ್ಚಿ ಭಜಿ ತಿಂದ ಕೈರಿ. ಹಾಸ್ಟೆಲ್ಲಿನಾಗ ಕೂತು ತುಂಬ್ಯಾರ.”

ನದಾಫ ಸರ್ ಕಲೆಯನ್ನು ಹತ್ತಿರದಿಂದ ನೋಡಿದರು.

“ಇಪ್ಪತ್ತಾರು ವರ್ಷದಾಗ ಒಬ್ಬರಿಗೂ ಇದು ಕಂಡಿಲ್ಲ. ನಿನಗ ಹೆಂಗ ಕಂಡ್ತು?”

ದಾಕ್ಷಾಯಿಣಿಯ ಕಿವಿ ಕೆಂಪಾದವು. ಓಡಿಹೋಗಬೇಕೆನ್ನಿಸಿತು, ಆದರೆ ಕಟ್ಟು ಕೈಯಲ್ಲಿತ್ತು.

“ನಾವೂ ಹಂಗ ಮಾಡೇವ್ರಿ,” ಎಂದಳು ಕೊನೆಗೆ. “ರವಿವಾರ ಮಧ್ಯಾಹ್ನ ಗೆಳತ್ಯಾರಿಗೆ ತಿನ್ನಾಕ ಗಿರಮಿಟ್ ಕೊಡ್ಸಿದೆ. ಇನ್ನೂರು ಫಾರ್ಮ್ ನಾಕು ತಾಸಿನ್ಯಾಗ ಮುಗದ್ವು. ಪೆನ್ನು ಬದಲ ಮಾಡ್ರೆವ್ವಾ ಅಂತ ನಾನ ಹೇಳಿದ್ದೆ. ಪತ್ರಿಕ್ಯಾಗ ಎಪ್ಪತ್ತೆರಡು ಐತಿ, ಮುಕ್ಕಾಲು ಮಂದಿ ಹೌದು ಅನ್ಲಿ ಅಂತಾನೂ ಹೇಳಿದ್ದೆ. ಎಲ್ಲಾರೂ ಹಂಗ ಮಾಡ್ತಾರ್ರಿ ಸರ್. ಅವ್ವ ಅದನ್ನ ಖರೇ ಮಾಡ್ಕೋತಾಳ ಅಂತ ನನಗ ಗೊತ್ತಿರಲಿಲ್ಲ.”

ಹೇಳುತ್ತ ಹೇಳುತ್ತ ಅತ್ತಳು. ನದಾಫ ಸರ್ ಅಳಬೇಡ ಎನ್ನಲಿಲ್ಲ. ಅಂಟು ಒಣಗಬಾರದೆಂದು ಬಟ್ಟಲು ಮುಚ್ಚಿ, ಎದ್ದು ಹೋಗಿ ಜನಗಣತಿಯ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದರು.

“ಇದರಾಗ ಊರಿನ ಎಲ್ಲಾ ವಾರ್ಡು ಅದಾವ. ಯಾವ ವಾರ್ಡಿನ್ಯಾಗ ಎಷ್ಟು ಮನಿ ಅಂತಾನೂ ಐತಿ. ಲೆಕ್ಕ ಹಾಕಿ ಅರವತ್ತು ಮನಿ ಆರಿಸ್ಕೋ. ನಿನಗ ಸೇರಿದ ಮನಿ ಬ್ಯಾಡ, ಲೆಕ್ಕಕ್ಕ ಬಂದ ಮನಿ.”

ಅವಳು ಕೂತು ಲೆಕ್ಕ ಹಾಕಿದಳು. ಏಳುವಾಗ ಅವರು ಕೈಚಾಚಿದರು.

“ನಿನ್ನ ಲೈಬ್ರರಿ ಕಾರ್ಡು ಇಲ್ಲಿಟ್ಟು ಹೋಗು.”

“ಯಾಕ್ರಿ?”

“ಒಳಗ ಕೂತ್ರ ಮತ್ತ ನನ್ನ ಕೇಳ್ತಿ.”

ಶುಕ್ರವಾರದಿಂದ ದಾಕ್ಷಾಯಿಣಿ ಕಾಲಿಗೆ ಚಕ್ರ ಕಟ್ಟಿಕೊಂಡಳು. ಅರವತ್ತು ಮನೆಯಲ್ಲಿ ಇಪ್ಪತ್ತೆರಡಕ್ಕೆ ಕೀಲಿ. ಅಲ್ಲಿಗೆ ಎರಡೆರಡು ಸಲ, ಮೂರು ಸಲ ಹೋಗಬೇಕಾಯಿತು. ಒಂದು ಕಡೆ ನಾಯಿ ಅಟ್ಟಿಸಿಕೊಂಡು ಬಂತು. ಇನ್ನೊಂದು ಕಡೆ ಅಜ್ಜಿಯೊಬ್ಬರು ಕೂರಿಸಿಕೊಂಡು ತಮ್ಮ ಮೊಣಕಾಲು ನೋವಿನ ಪುರಾಣವನ್ನು ಮೊದಲಿನಿಂದ ಹೇಳಿದರು. ವಯಸ್ಸು ಕೇಳಿದರೆ ಒಬ್ಬರು ಮೂವತ್ತೇಳು ಎಂದರು, ಇನ್ನೊಬ್ಬರು ದೊಡ್ಡ ಕ್ಷಾಮದ ವರ್ಷ ಹುಟ್ಟಿದ್ದೆಂದರು.

ಮಂಗಳವಾರ ಅವಳು ಗ್ರಂಥಾಲಯಕ್ಕೆ ಓಡಿಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಸರ್! ನಲವತ್ತೊಂದು ಮನಿಯವರು ಹೂಂ ಅಂದಾರ್ರಿ! ನೂರಕ್ಕ ಅರವತ್ತೆಂಟು ಬಿತ್ತು. ಸುಳ್ಳ ಬರದ್ರೂ ಖರೇನ ಬರದಿದ್ದೆವ್ರಿ!”

ನದಾಫ ಸರ್ ಕುರ್ಚಿ ಸರಿಸಿ ಕೂರಿಸಿದರು. ನೀರು ಕೊಟ್ಟರು.

“ಏನಂತ ಕೇಳಿದಿ?”

“ಕೌದಿ ಸಿಕ್ರ ತಗೋತೀರೇನ್ರಿ ಅಂತ.”

“ಏನಂದ್ರು?”

“ಯಾಕ ತಗೋಬಾರ್ದವ್ವಾ, ತಗೋತೀವಿ ಅಂದ್ರು. ಭಾಳ ಪ್ರೀತಿಲೆ ಮಾತಾಡ್ಸಿದ್ರು. ಐದಾರು ಮನ್ಯಾಗ ಚಹಾನೂ ಆತ್ರಿ.”

“ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಬ್ಯಾಡ ಅನ್ನೂ ಊರೇನು ಇದು?”

ಅವಳು ನೀರಿನ ಲೋಟವನ್ನು ಕೆಳಗಿಟ್ಟಳು.

“ನಮ್ಮಪ್ಪ ಗಾದಿ ತುಂಬ್ತಿದ್ದ,” ಎಂದರು ಅವರು. “ಓಣಿ ಮಂದಿ ನಿಂತು, ಕೈಲೆ ಒತ್ತಿ ನೋಡಿ, ಛಲೋ ಆಗೈತಿ ಸಾಬ, ನಮಗೂ ಒಂದು ಬೇಕು ಅಂತಿದ್ರು.”

“ಆಮ್ಯಾಲೆ?”

“ಆಮ್ಯಾಲೆ ತಮ್ಮ ಮನಿಗೆ ಹೋಗಿ, ಹಳೇ ಗಾದಿ ಮ್ಯಾಲೆ ಮಲಕ್ಕೋತಿದ್ರು.”

ದಾಕ್ಷಾಯಿಣಿ ನಲವತ್ತೊಂದೆಂದು ಬರೆದ ಹಾಳೆಯನ್ನು ಮಡಚಿಟ್ಟಳು.

“ಕೌದಿ ಒಯ್ದಿದ್ದೇನು?”

“ಇಲ್ರಿ.”

“ಒಯ್ಯಿ. ಉಡ್ಯಾಗ ಹಾಕು. ಬೆಲಿ ಹೇಳು. ಹೇಳಿ ಸುಮ್ಮನಿರು.”

ಹಾಸ್ಟೆಲ್ಲಿನಲ್ಲಿ ಅವಳು ಹೊದೆಯುತ್ತಿದ್ದದ್ದು ಸಂಗವ್ವ ಹೊಲಿದ ಕೌದಿಯನ್ನೇ. ಅದನ್ನು ಒಗೆದು, ಒಣಗಿಸಿ, ಹೆಗಲ ಮೇಲೆ ಹಾಕಿಕೊಂಡು ಹೂಂ ಎಂದಿದ್ದ ನಲವತ್ತೊಂದು ಮನೆಗೂ ಮತ್ತೆ ಹೋದಳು. ಉಡಿಯಲ್ಲಿ ಹಾಕಿ, ಇಂಥದ್ದೇ ಹೊಸದು ಹೊಲಿಸಿ ತಂದುಕೊಡುತ್ತೇನೆಂದಳು. ಬೆಲೆ ಹೇಳಿದಳು. ಹೇಳಿ ಸುಮ್ಮನಿದ್ದಳು.

ಸುಮ್ಮನಿರುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ಗೊತ್ತಾಯಿತು.

ಹೊಲಿಗೆಯನ್ನು ಹೊಗಳದ ಮನೆಯಿರಲಿಲ್ಲ. ನಮ್ಮವ್ವನೂ ಹಿಂಗ ಹೊಲಿತಿದ್ಲು ಎಂದು ಒಬ್ಬರು ಕಣ್ಣೊರೆಸಿಕೊಂಡರು. ಮನೆಯವರನ್ನು ಕೇಳಿ ಹೇಳ್ತೀನಿ ಎಂದರು ಹಲವರು. ದೀಪಾವಳಿ ಮುಗೀಲಿ ಎಂದರು ಕೆಲವರು. ಒಬ್ಬರು ಮಡಚಿ, ಸವರಿ, ವಾಪಸು ಕೊಟ್ಟು, ಬಾಳೆಹಣ್ಣು ಕೊಟ್ಟು ಕಳಿಸಿದರು.

ಶನಿವಾರ ಅವಳು ಗ್ರಂಥಾಲಯಕ್ಕೆ ಬಂದಾಗ ಓಡಿ ಬರಲಿಲ್ಲ.

“ನಾಕು,” ಎಂದಳು.

ನದಾಫ ಸರ್ ಖಾನೆ ತೆರೆದು ಅವಳ ಕಾರ್ಡನ್ನು ವಾಪಸು ಕೊಟ್ಟರು.

“ಅವ್ವಗ ಹೆಂಗ ಹೇಳ್ಲಿ ಸರ್? ದಿನಾ ಫೋನ್ ಮಾಡ್ತಾಳ. ಇಷ್ಟು ವರ್ಷದಾಗ ಆಕಿ ಹಿಂಗ ನಕ್ಕದ್ದು ನಾ ಕೇಳೇ ಇಲ್ರಿ. ಇದನ್ನ ಹೆಂಗ ಹೇಳಬೇಕು ಅಂತ ಯಾವ ಪುಸ್ತಕದಾಗರ ಐತೇನ್ರಿ?”

“ನಾಳೆ ರವಿವಾರ,” ಎಂದರು ಅವರು. “ಗಿರಣಿ ಸೂಟಿ. ಎಲ್ಲಾರೂ ಮನ್ಯಾಗ ಇರ್ತಾರ.”

ಭಾನುವಾರ ಹನ್ನೊಂದು ಹೆಂಗಸರು ಸಂಗವ್ವನ ಅಂಗಳದಲ್ಲಿ ಕೂತಿದ್ದರು. ರಾಜೀನಾಮೆಯ ಕಾಗದಗಳು ಸಂಗವ್ವನ ತೊಡೆಯ ಮೇಲಿದ್ದವು. ದಾಕ್ಷಾಯಿಣಿ ಎಲ್ಲವನ್ನೂ ಹೇಳಿದಳು. ಗಿರಮಿಟ್ಟನ್ನೂ ಬಿಡಲಿಲ್ಲ.

“ಅಂದ್ರ ಮೊದಲ ಯಾರನ್ನೂ ಕೇಳೇ ಇರಲಿಲ್ಲೇನು?” ಎಂದಳು ಪಕ್ಕದ ಮನೆಯ ಕಲ್ಲವ್ವ.

“ಇಲ್ರಿ ಚಿಗವ್ವ.”

“ನಮ್ಮ ಮುಂದ ಎಪ್ಪತ್ನಾಕು ಅಂದ್ಯಲ್ಲ?”

ದಾಕ್ಷಾಯಿಣಿ ತಲೆ ತಗ್ಗಿಸಿದಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

ಸಂಗವ್ವ ಇಷ್ಟೂ ಹೊತ್ತು ಮಗಳ ಮುಖ ನೋಡಿರಲಿಲ್ಲ. ಈಗ ನೋಡಿದಳು.

“ಆ ಎಪ್ಪತ್ನಾಕರಾಗ ಒಂದ ಮನಿ ಹೆಸರು ಹೇಳು.”

ಹೇಳಲು ಒಂದೂ ಇರಲಿಲ್ಲ.

“ಈ ನಾಕರದು?”

“ಕೆರಿ ಓಣ್ಯಾಗ ನರ್ಸಬಾಯಿ ಶಶಿಕಲಾ. ಕಿಲ್ಲೇದಾಗ ಮುನವಳ್ಳಿಯವರ ದೊಡ್ಡ ಸೊಸಿ. ಪೋಸ್ಟಿನ ಹಿಂದಿನ ಓಣ್ಯಾಗ ರೇಲ್ವೆ ಗಾರ್ಡ್ ಫರ್ನಾಂಡಿಸ್. ಬಸವನಗುಡಿ ಮುಂದ ಇಂದುಮತಿ ಅಜ್ಜಿ.”

“ಆತು,” ಎಂದಳು ಸಂಗವ್ವ. “ರವಿವಾರ ರವಿವಾರ ಕೂತು ನಾಕು ಹೊಲಿಯೂಣು. ಅವರು ಹೊದ್ದು ಏನಂತಾರ ನೋಡೂಣು.”

ಕಾಗದಗಳನ್ನು ಅವಳು ಹರಿಯಲಿಲ್ಲ. ಮಡಚಿ ಗೋಡೆಯ ಮಾಡದಲ್ಲಿಟ್ಟಳು.

ಅಷ್ಟೇ. ಆ ದಿನ ಮಗಳೊಂದಿಗೆ ಮತ್ತೆ ಮಾತಾಡಲಿಲ್ಲ. ಬೈದಿದ್ದರೆ ದಾಕ್ಷಾಯಿಣಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿತು. ಹನ್ನೊಂದು ಹೆಂಗಸರು ಬುತ್ತಿ ಹಿಡಿದು ಹೊರಟರು. ಸಂಗವ್ವ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.

“ರೊಟ್ಟಿ ಮುಚ್ಚಿಟ್ಟೀನಿ. ಉಣ್ಣು,” ಎಂದಳು.

ಅದನ್ನು ಕೇಳಿ ದಾಕ್ಷಾಯಿಣಿ ಒಲೆಯ ಮುಂದೆ ಕೂತು ಮನಸಾರೆ ಅತ್ತಳು. ಆಮೇಲೆ ಉಂಡಳು. ಉಂಡು ಹೊಳೆ ದಾಟಿ ವಿಶ್ವವಿದ್ಯಾಲಯಕ್ಕೆ ಬಂದಳು.

ಮಧ್ಯಾಹ್ನದ ಹೊತ್ತಿಗೆ ಅವಳು ನದಾಫ ಸರ್ ಮುಂದೆ ಊರಿನಲ್ಲಿ ನಡೆದದ್ದನ್ನೆಲ್ಲ ಹೇಳಿ, ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಒಂದು, ಹಾಸ್ಟೆಲ್ಲಿನಲ್ಲಿ ತುಂಬಿದ ಇನ್ನೂರು ಫಾರ್ಮುಗಳ ಕಟ್ಟು. ಇನ್ನೊಂದು, ರಾತ್ರಿ ಕೂತು ಹೊಸದಾಗಿ ಬರೆದ ಒಂಬತ್ತು ಪುಟದ ವರದಿ.

“ಇವನ್ನ ಸುಟ್ಟುಬಿಡೂಣ್ರಿ ಸರ್. ಆ ಹಳೇ ಕಟ್ಟನ್ನೂ.”

“ಸುಟ್ರ, ಎಪ್ಪತ್ತೆರಡು ಎಲ್ಲಿಂದ ಬಂತು ಅಂತ ಮುಂದಿನವರಿಗೆ ಯಾರು ಹೇಳಬೇಕು?”

ಅವರು ಅವಳ ಕಟ್ಟಿಗೂ ಕೆಂಪು ಲಾಡಿ ಕಟ್ಟಿದರು. ಸಡಿಲವಾಗಿ, ಎಳೆದರೆ ಬಿಚ್ಚುವಂತೆ ಗಂಟು ಹಾಕಿ, ಹಳೆಯ ಕಟ್ಟಿನ ಮಗ್ಗುಲಿಗೆ ಇಟ್ಟರು.

ಆಮೇಲೆ ಒಂಬತ್ತು ಪುಟದ ವರದಿಯನ್ನು ಕೈಗೆತ್ತಿಕೊಂಡರು. ಅದರ ಬೆನ್ನು ಎಷ್ಟು ತೆಳ್ಳಗಿತ್ತೆಂದರೆ ಹೆಸರಿನ ಚೀಟಿ ಅಂಟಿಸಲು ಜಾಗವೇ ಇರಲಿಲ್ಲ. ಅವರು ಚೀಟಿಯನ್ನು ಉದ್ದಕ್ಕೆ ಕತ್ತರಿಸಿ, ಅಂಟು ಸವರತೊಡಗಿದರು.

ದಾಕ್ಷಾಯಿಣಿ ನೋಡುತ್ತ ನಿಂತಳು. ಇಲ್ಲಿಗೆ ಬರುವ ಮೊದಲು ವಿಭಾಗದಲ್ಲಿ ಪ್ರಾಜೆಕ್ಟಿನ ಗೈಡ್ ಆ ವರದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದಕ್ಕೆ ಹೇಗಮ್ಮ ಅಂಕ ಕೊಡುವುದು ಎಂದಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು.

“ಸರ್, ಎಪ್ಪತ್ತೆರಡು ಅಂದಿದ್ದನ್ನ ಊರೆಲ್ಲಾ ಓದ್ತು. ಪತ್ರಿಕೆಯವರು ಓದಿದ್ರು, ಕಂಪನಿಯವರು ಓದಿದ್ರು. ಅರವತ್ತರಾಗ ನಾಕು ಅಂತ ಬರದದ್ದನ್ನ ಯಾರು ಓದ್ತಾರ್ರಿ?”

ನದಾಫ ಸರ್ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

“ಇವತ್ತ ಮುಂಜಾನೆ ಹನ್ನೊಂದು ಮಂದಿ ಗಿರಣಿಗೆ ಹೋದ್ರಲ್ಲ,” ಎಂದರು. “ಅವರು ಓದ್ಯಾರ.”